ಇನ್ನೂರ ಹತ್ತು ಮೀಟರ್

ಗ್ರೈಂಡರಿನ ಕಲ್ಲುಗಳನ್ನು ಖಾತೂನ್ ಹಳೆಯ ಟವೆಲಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಮಾರಿದ ಸಾಮಾನನ್ನು ಇಷ್ಟು ಮುತುವರ್ಜಿಯಿಂದ ಕೊಡುವ ಅಗತ್ಯವೇನಿತ್ತು ಎಂದು ಚೈತನ್ಯಾಳಿಗೆ ಸಿಟ್ಟು ಬಂತು. ಒಂದು ಡಬ್ಬಕ್ಕೆ ತುಂಬಿ ಬಾಗಿಲಾಚೆ ಇಟ್ಟು 'ತಗೊಂಡು ಹೋಗಿ' ಎಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಅಮೆರಿಕದ ಈ ಗೈದರ್ಸ್‌ಬರ್ಗ್‌ನಲ್ಲಿ ಮನೆ ಖಾಲಿ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ಇವಳು ಮಾತ್ರ ಟೀ ಕುಡಿಯದೆ ಹೋಗಕೂಡದು ಎಂದಳು, ಕುರ್ಚಿಗಳೆಲ್ಲ ಮಾರಿಹೋಗಿದ್ದರಿಂದ ಸೂಟ್‌ಕೇಸಿನ ಮೇಲೆ ಕೂರಲು ಹೇಳಿ ತಾನೇ ನಾಚಿಕೊಂಡಳು. ಸೂಟ್‌ಕೇಸು ಚೈತನ್ಯಾಳ ಭಾರಕ್ಕೆ ಸ್ವಲ್ಪ ತಗ್ಗಿತು. ಒಳಗೆ ಇವರ ಬಟ್ಟೆಗಳಿರುತ್ತವೆ, ಮೇಲೆ ತಾನು ಕೂತಿದ್ದೇನೆ, ರೇಷ್ಮೆ ಸೀರೆ ಉಟ್ಟುಕೊಂಡು. ವಾಟ್ಸ್ಯಾಪ್ ಗುಂಪಿನಲ್ಲಿ ಗ್ರೈಂಡರಿನ ಚಿತ್ರ ಕಂಡೊಡನೆ 'ನಮಗೇ ಇರಲಿ' ಎಂದು ಬರೆದವನು ವೇಣುಗೋಪಾಲ. ಯಾರ ಮನೆಯದು ಎಂದು ಗೊತ್ತಾದ ಮೇಲೂ ಅವನು ಹಿಂದೆಗೆಯಲಿಲ್ಲ. "ಯಾರದಾದ್ರೇನೇ, ಒಳ್ಳೇ ಕಂಡೀಷನ್‌ನಲ್ಲಿದೆ. ಅವರಿಗೂ ಹೆಲ್ಪ್ ಆಗುತ್ತೆ," ಎಂದಿದ್ದ. ಹೆಲ್ಪ್ ಎಂಬ ಮಾತನ್ನು ಗಂಡನ ಬಾಯಿಂದ ಕಿತ್ತು ಎಸೆಯಬೇಕೆನಿಸಿತ್ತು ಅವಳಿಗೆ ಆಗ.

ಖಾತೂನಳ ಗಂಡ ಶಾಹಬಾಜ್ ಎರಡು ತಿಂಗಳ ಹಿಂದಿನ ತನಕ ಆಫೀಸಿನಲ್ಲಿ ಅವಳ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದ. ಮೈಸೂರಿನವನು, ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು. ಇಬ್ಬರದೂ ಒಂದೇ ಕೆಲಸ. ಉಪಗ್ರಹ ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿಕೊಂಡು, ಹಿಮಾಲಯದ ಹಿಮನದಿಗಳು ಎಲ್ಲಿಗೆ ಮುಗಿಯುತ್ತವೆ ಎಂದು ಹುಡುಕಿ ಮೌಸಿನಿಂದ ಗೆರೆ ಎಳೆಯುವುದು. ವರ್ಷಕ್ಕೊಂದು ಗೆರೆ. ಹೋದ ವರ್ಷದ ಗೆರೆಗಿಂತ ಈ ವರ್ಷದ ಗೆರೆ ಎಷ್ಟು ಮೇಲಕ್ಕೆ ಸರಿಯಿತೋ ಅಷ್ಟು ಹಿಮ ಹೋಯಿತೆಂದು ಲೆಕ್ಕ. ಒಬ್ಬರ ಕಣ್ಣನ್ನು ನಂಬುವಂತಿಲ್ಲವಾದ್ದರಿಂದ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಬೇರೆ ಬೇರೆ ಎಳೆಯಬೇಕು. ಹೊಂದದಿದ್ದಾಗ ಹಿರಿಯರು ಹೇಳಿದ್ದು ಕೊನೆ. ಹಿರಿಯಳು ಅವಳು. ಮ್ಯಾನೇಜರ್ ಸೌರಭ್ ಆಗಸ್ಟಿನಲ್ಲಿ ಜನರನ್ನು ತೆಗೆಯಬೇಕಾಗಿ ಬಂದಾಗ ಒಂದು ಪಟ್ಟಿ ಮಾಡಿದ. ಅದರಲ್ಲಿ 'ಹಿರಿಯರ ಗೆರೆಗಿಂತ ಅತಿ ಹೆಚ್ಚಿನ ವ್ಯತ್ಯಾಸ' ಎಂಬ ಕಾಲಮ್ಮಿನಲ್ಲಿ ಶಾಹಬಾಜನ ಹೆಸರಿನ ಮುಂದೆ ಇನ್ನೂರ ಹತ್ತು ಮೀಟರ್ ಎಂದು ಕೆಂಪಕ್ಷರದಲ್ಲಿತ್ತು. ಪಟ್ಟಿಯನ್ನು ಸೌರಭ್ ಅವಳಿಗೆ ಕಳಿಸಿದ್ದ. ನೋಡಿದ್ದೇನೆ ಎಂದು ಅವಳು ಉತ್ತರ ಬರೆದಿದ್ದಳು. ಅದಾದ ಮೇಲೆ ಶಾಹಬಾಜನಿಗೆ ವೀಸಾದ ಲೆಕ್ಕದಲ್ಲಿ, ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು, ಅರವತ್ತು ದಿನ ಸಿಕ್ಕಿತು, ಅದು ಬರುವ ಮಂಗಳವಾರ ಮುಗಿಯುತ್ತದೆ.

"ಮೇಡಂ, ಗ್ಲೇಸಿಯರ್ ನೂರ ಹದಿನೇಳರ ಅಕ್ಟೋಬರ್ ಇಮೇಜ್ ಬಂದಿದೆ, ನೋಡಿದ್ರಾ?" ಎಂದ ಶಾಹಬಾಜ್, ಟೀ ಲೋಟ ಕೊಡುತ್ತ. "ಒಂದು ಚೂರೂ ಮೋಡ ಇಲ್ಲ."

"ನೀವಿನ್ನೂ ನೋಡ್ತಿದ್ದೀರಾ?"

"ಫ್ರೀ ಡೇಟಾ ಅಲ್ವಾ. ಅಭ್ಯಾಸ ಬಿಡಕ್ಕಾಗಲ್ಲ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಹೊಸ ಕನ್ನಡಕ, ಹಿಂದಿನದಕ್ಕಿಂತ ದಪ್ಪ. "ಆಮೇಲೆ ರಾಲಿಯವರ ಫಾರ್ಮು... ಇವತ್ತು ಸಂಜೆ ಒಳಗೆ ಕಳಿಸಿದ್ರೆ ಸೋಮವಾರ ಬೆಳಿಗ್ಗೇನೇ ವೀಸಾ ಪಿಟಿಷನ್ ಫೈಲ್ ಮಾಡ್ತಾರಂತೆ. ಟೆನ್ಷನ್ ಮಾಡ್ಕೋಬೇಡಿ. ಫಂಕ್ಷನ್ ಮುಗಿಸ್ಕೊಂಡು ನಿಧಾನಕ್ಕೆ ಮಾಡಿ."

ರಾಲಿಯ ಒಂದು ವಿಶ್ವವಿದ್ಯಾಲಯದ ಲ್ಯಾಬಿನವರು ಇವನನ್ನು ತೆಗೆದುಕೊಳ್ಳಲು ತಯಾರಿದ್ದರು. ಹಳೆಯ ಆಫೀಸಿನಿಂದ ಒಂದು ಮಾತು ಬೇಕಿತ್ತು ಅಷ್ಟೆ. ಫಾರ್ಮಿನ ಮೂರನೆಯ ಪ್ರಶ್ನೆ ನಾಲ್ಕು ದಿನದಿಂದ ಚೈತನ್ಯಾಳ ಫೋನಿನಲ್ಲಿ ಖಾಲಿ ಕೂತಿತ್ತು. ಇವರ ಅಳತೆಯ ನಿಖರತೆಯ ಬಗ್ಗೆ ಹಿಂದಿನ ಕಚೇರಿಯ ದಾಖಲೆಯಲ್ಲಿ ಆಕ್ಷೇಪವಿದೆ, ನಿಮ್ಮ ಅಭಿಪ್ರಾಯವೇನು? ನನ್ನ ಹೆಸರನ್ನೇ ಏಕೆ ಕೊಟ್ಟ? ಇಷ್ಟು ದೊಡ್ಡ ಅಮೆರಿಕದಲ್ಲಿ ಇವನಿಗೆ ಇನ್ನೊಬ್ಬರು ಸಿಗಲಿಲ್ಲವೇ? ನಂಬಿ ಕೊಟ್ಟನೋ, ಇಲ್ಲ ಎಲ್ಲ ಗೊತ್ತಿದ್ದೇ, ನೋಡೋಣ ಏನು ಬರೆಯುತ್ತಾಳೆ ಎಂದು ಕೊಟ್ಟನೋ? ಟೀ ಸಿಹಿಯಾಗಿತ್ತು. ಸಕ್ಕರೆ ಎಷ್ಟು ಎಂದು ಖಾತೂನ್ ಕೇಳದೆಯೇ ಹಾಕಿದ್ದಳು, ಸರಿಯಾಗಿಯೇ ಹಾಕಿದ್ದಳು.

ಫಂಕ್ಷನ್ ಇದ್ದ ಸ್ಟರ್ಲಿಂಗಿಗೆ ಹೋಗಲು ನದಿ ದಾಟಬೇಕು. ಹತ್ತಿರದ ದೋಣಿಕಟ್ಟೆ ಮುಚ್ಚಿ ಐದು ವರ್ಷವಾಯಿತು, ಈಗ ಎಲ್ಲರೂ ಸುತ್ತಿಕೊಂಡು ಬಂದು ಅದೇ ಒಂದು ಸೇತುವೆಯ ಮೇಲೆ ನಿಲ್ಲುತ್ತಾರೆ. ಶನಿವಾರ ಹತ್ತು ಗಂಟೆಗೇ ಕಾರುಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಅಕ್ಟೋಬರ್ ಅರ್ಧ ಕಳೆದಿದ್ದರೂ ಸೆಖೆ, ವೇಣುಗೋಪಾಲ ಎ.ಸಿ. ಹಾಕಿದ್ದ. ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ನಿಧಿ ಇಯರ್‌ಫೋನ್ ಹಾಕಿ ಕೂತಿದ್ದಳು, ಡಿಕ್ಕಿಯಲ್ಲಿ ಗ್ರೈಂಡರ್ ಪ್ರತಿ ಬ್ರೇಕಿಗೂ ಒಮ್ಮೆ ಕುಲುಕುತ್ತಿತ್ತು. ಚೈತನ್ಯಾ ಕೆಳಗೆ ಪೊಟೋಮ್ಯಾಕ್ ನೋಡಿದಳು. ನದಿಯ ಅಂಚು ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕಿತು, ನೀರು ಎಲ್ಲಿಗೆ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆ. ಹದಿಮೂರು ವರ್ಷದ ಚಾಳಿ. ನೂರ ಹದಿನೇಳಕ್ಕೆ ಆಫೀಸಿನಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಅಲ್ಲಿಂದ ಹೊರಡುವ ಹೊಳೆ ಇನ್ನೊಂದು ಹೊಳೆಗೆ ಸೇರಿ ಕೊನೆಗೆ ಗಂಗೆಗೆ ಸೇರುತ್ತದೆ ಎಂಬುದು ಅವಳಿಗೆ ಗೊತ್ತು, ಶಾಹಬಾಜನಿಗೂ ಗೊತ್ತು, ಸೌರಭನಿಗೆ ಬೇಕಿಲ್ಲ. ಅದರ ತುದಿ ಕಲ್ಲುಮಣ್ಣಿನಲ್ಲಿ ಮುಚ್ಚಿಹೋಗಿದೆ. ಕೆಳಗೆ ಹಿಮ ಇನ್ನೂ ಇದೆಯೋ, ಬರಿಯ ಕಲ್ಲುರಾಶಿಯೋ ಎಂದು ಗುರುತಿಸಲು ನೀರು ಹೊರಬೀಳುವ ಬಾಯಿಯನ್ನು ಹುಡುಕಬೇಕು. ಬಾಯಿ ಮೇಲಕ್ಕೆ ಹೋಗಿತ್ತು. ಅದು ಕಾಣುತ್ತಿತ್ತು. ಕಾಣಲಿಲ್ಲ ಎಂದು ಹೇಳುವಂತಿಲ್ಲ, ಅಲ್ಲೊಂದು ಕಪ್ಪು ಕೊರಕಲು, ಅದರ ಕೆಳಗೆ ಬೂದುಬಣ್ಣದ ನೀರು. ಇಪ್ಪತ್ತೊಂದನೆಯ ಇಸವಿಯ ಅಕ್ಟೋಬರಿನಲ್ಲಿ ಅವಳು ಅದನ್ನು ನೋಡಿ, ಮೌಸನ್ನು ಕೆಳಕ್ಕೆ ತಂದು, ಕಲ್ಲುರಾಶಿಯ ತುದಿಯಲ್ಲಿ ಗೆರೆ ಎಳೆದಿದ್ದಳು. ಅರವತ್ತು ಮೀಟರ್ ವ್ಯತ್ಯಾಸ. ಇರಲಿ ಎಂದುಕೊಂಡಿದ್ದಳು. ಒಳಗೆ ಹಿಮ ಇದ್ದರೂ ಇರಬಹುದು.

ಆ ವರ್ಷ ಮೇ ತಿಂಗಳಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಅಪ್ಪ ಹೋಗಿದ್ದರು. ದೇವರ ಮನೆಯಲ್ಲಿ ಅಜ್ಜಿಯ ಕಾಲದಿಂದ ಇದ್ದ ಗಂಗೆಯ ಗಿಂಡಿಯನ್ನು, ಬಾಯಿಗೆ ಸೀಸದ ಬೆಸುಗೆ ಹಾಕಿದ ಆ ನಿಂಬೆಹಣ್ಣಿನಷ್ಟು ಗಾತ್ರದ ತಾಮ್ರದ ಗಿಂಡಿಯನ್ನು, ಅಣ್ಣ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಆಸ್ಪತ್ರೆಯ ಗೇಟಿನಾಚೆ ನಿಂತಿದ್ದ. ಯಾರನ್ನೂ ಒಳಗೆ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ, ಇಟ್ಟುಕೊಂಡು ಏನು ಮಾಡುವುದೆಂದು, ಅಣ್ಣ ಅದನ್ನು ವಿಡಿಯೊ ಕಾಲಿನಲ್ಲಿ ಅವಳ ಮುಂದೆಯೇ ಒಡೆದ. ಒಳಗೆ ಏನೂ ಇರಲಿಲ್ಲ. ಬೆಸುಗೆಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ಸಂದಿಯಿದ್ದು ನೀರು ಆರಿಹೋಗಿತ್ತು, ಯಾವಾಗಲೋ, ಬಹುಶಃ ಅವಳು ಹುಟ್ಟುವ ಮೊದಲೇ. ಅಣ್ಣ ಗಿಂಡಿಯನ್ನು ಬೋರಲು ಹಿಡಿದು ಕ್ಯಾಮೆರಾಕ್ಕೆ ತೋರಿಸಿದ, ಇಬ್ಬರೂ ನಗಬೇಕೋ ಅಳಬೇಕೋ ತಿಳಿಯದೆ ಫೋನ್ ಇಟ್ಟರು. ಐದು ತಿಂಗಳಾದ ಮೇಲೆ ಎಳೆದ ಗೆರೆಗೂ ಇದಕ್ಕೂ ಏನು ಸಂಬಂಧ? ಸಂಬಂಧವಿಲ್ಲ ಎಂದೇ ಅವಳು ತನಗೆ ಹೇಳಿಕೊಂಡಿದ್ದಳು. ಮುಂದಿನ ವರ್ಷ ಸರಿಯಾದ ಜಾಗಕ್ಕೆ ಗೆರೆ ಎಳೆದರೆ ಒಂದೇ ವರ್ಷದಲ್ಲಿ ಅಷ್ಟೊಂದು ಹಿಮ ಹೋದಂತೆ ಕಾಣುತ್ತದೆ, ಪ್ರಶ್ನೆ ಬರುತ್ತದೆ. ಅದಕ್ಕೆಂದು ಮತ್ತೆ ಕೆಳಗೇ ಎಳೆದಳು. ನೂರ ಹತ್ತು. ಆಮೇಲೆ ನೂರ ಅರವತ್ತು. ಹೋದ ವರ್ಷ ಇನ್ನೂರ ಹತ್ತು. ಪ್ರತಿ ಸಲವೂ ಶಾಹಬಾಜ್ ತನ್ನ ಗೆರೆಯನ್ನು ಕೊರಕಲಿಗೆ ಸರಿಯಾಗಿ ಎಳೆದು, ಮೇಡಂ, ನನಗೇನೋ ಬಾಯಿ ಮೇಲಿದೆ ಅನ್ಸುತ್ತೆ, ಎನ್ನುತ್ತಿದ್ದ. ಪ್ರತಿ ಸಲವೂ ಅವಳು, ನೆರಳು ಅದು, ಸರಿಯಾಗಿ ನೋಡಿ, ಎನ್ನುತ್ತಿದ್ದಳು. ಅವನು ಕಣ್ಣು ಕಿರಿದು ಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗುತ್ತಿದ್ದ.

ಸೌರಭನಿಗೆ ಆ ಗೆರೆ ಬಹಳ ಹಿಡಿಸಿತ್ತು. "ಫೈನಲೀ, ಒಂದು ಗುಡ್ ನ್ಯೂಸ್ ಗ್ಲೇಸಿಯರ್!" ಎಂದು ಮೊದಲ ಸ್ಲೈಡಿನಲ್ಲೇ ಹಾಕಿಕೊಂಡಿದ್ದ. ಈ ವರ್ಷ ಯಾರಿಗೂ ಕೆಟ್ಟ ಸುದ್ದಿ ಬೇಕಿಲ್ಲ, ಕೊಡುವವರಿಗೂ ಬೇಕಿಲ್ಲ, ಕೇಳುವವರಿಗಂತೂ ಬೇಡವೇ ಬೇಡ. ಹಿಮ ಕರಗಿದರೆ ಕರಗಲಿ, ವರದಿ ಕರಗಬಾರದು, ಕಾಂಟ್ರ್ಯಾಕ್ಟ್ ಕರಗಬಾರದು. ಅವನ ಬಗ್ಗೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯಲ್ಲಿ ಒಂದು ಸುಖವೂ ಇತ್ತು. ಸೇತುವೆಯ ಮೇಲೆ ಕಾರು ಮತ್ತೆ ನಿಂತಾಗ ಅವಳು ಫೋನ್ ತೆಗೆದು ಫಾರ್ಮಿನ ಮೂರನೆಯ ಪ್ರಶ್ನೆಗೆ ಉತ್ತರ ಬರೆದಳು. ಶ್ರದ್ಧೆಯುಳ್ಳ ಕೆಲಸಗಾರ, ಸಮಯಪಾಲಕ, ಸೌಮ್ಯ ಸ್ವಭಾವದವರು. ಒಂದು ಹಿಮನದಿಯ ವಿಷಯದಲ್ಲಿ ನಮ್ಮ ನಡುವೆ ಅಭಿಪ್ರಾಯಭೇದವಿತ್ತು. ಅಭಿಪ್ರಾಯಭೇದ. ಎಷ್ಟು ಮರ್ಯಾದಸ್ಥ ಪದ, ಯಾರ ಬಟ್ಟೆಗೂ ಕಲೆಯಾಗುವುದಿಲ್ಲ. ಕಳಿಸು ಎಂಬಲ್ಲಿ ಒತ್ತಿದಳು.

"ಆಯ್ತಾ?" ಎಂದ ವೇಣುಗೋಪಾಲ, ರಸ್ತೆಯಿಂದ ಕಣ್ಣು ತೆಗೆಯದೆ. ಅವನಿಗೆ ಎಲ್ಲ ಗೊತ್ತಿತ್ತು, ಎರಡು ವಾರದ ಹಿಂದೆ ಅವಳೇ ಹೇಳಿದ್ದಳು. ಅವನ ಕೆಲಸದ ಪರ್ಮಿಟ್ಟು ಅವಳ ವೀಸಾದ ಬಾಲದಲ್ಲಿತ್ತು, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹನ್ನೊಂದು ವರ್ಷವಾಗಿತ್ತು. ಅವನು ಅವಳಿಗೆ ಹೀಗೆ ಮಾಡು ಹಾಗೆ ಮಾಡು ಎಂದಿರಲಿಲ್ಲ. ಯೋಚನೆ ಮಾಡು ಎಂದಿದ್ದ, ಅಷ್ಟೆ.

"ಆಯ್ತು," ಎಂದಳು.

ಇಲ್ಲಿನ ಕನ್ನಡದವರಿಗೆಲ್ಲ ಹಿರಿಯರಾದ ಕೇಶವಮೂರ್ತಿ ಅಂಕಲ್ ಮತ್ತು ಶೈಲಜಾ ಆಂಟಿ ಸೆಪ್ಟೆಂಬರಿನಲ್ಲಿ ಗಂಗೋತ್ರಿ, ಕೇದಾರ, ಕಾಶಿ ಎಲ್ಲ ಮುಗಿಸಿಕೊಂಡು ಬಂದು ಇವತ್ತು ಗಂಗಾ ಸಮಾರಾಧನೆ ಇಟ್ಟುಕೊಂಡಿದ್ದರು. ಸ್ಟರ್ಲಿಂಗಿನ ಅವರ ಮನೆಯ ಹಿಂದೆ, ಬೀದಿಯ ಕೊನೆಗೆ, ಕಿಟಕಿಗಳೇ ಇಲ್ಲದ ಡೇಟಾ ಸೆಂಟರಿನ ಗೋಡೆ. ಒಳಗಿನ ಕಂಪ್ಯೂಟರುಗಳನ್ನು ತಣ್ಣಗಿಡುವ ಯಂತ್ರಗಳು ಹಗಲೂ ರಾತ್ರಿ ಗುಂಯ್ ಎನ್ನುತ್ತವೆ. ಆ ಯಂತ್ರಗಳ ಉಸ್ತುವಾರಿಯೇ ಅಂಕಲ್ಲಿನ ಕೆಲಸ. ಅಭ್ಯಾಸ ಆದ್ರೆ ಓಂಕಾರದ ಹಾಗೆ ಕೇಳುತ್ತೆ, ಎನ್ನುವುದು ಅವರ ಹಳೆಯ ತಮಾಷೆ. ಲಿವಿಂಗ್ ರೂಮಿನಲ್ಲಿ ಮಣೆಯ ಮೇಲೆ ದೊಡ್ಡ ಕಲಶ, ಸುತ್ತ ಅರಿಶಿನ ಕುಂಕುಮ ಹಚ್ಚಿದ ಪುಟ್ಟ ಪುಟ್ಟ ಗಿಂಡಿಗಳು ಸಾಲಾಗಿ, ಮನೆಗೊಂದರಂತೆ ಹಂಚಲಿಕ್ಕೆ. ಪಕ್ಕದ ತಟ್ಟೆಯಲ್ಲಿ ಕಪ್ಪು ಕಾಶಿದಾರ. ಟಿ.ವಿ.ಯಲ್ಲಿ ಹೆಲಿಕಾಪ್ಟರಿನಿಂದ ತೆಗೆದ ವಿಡಿಯೊ ಓಡುತ್ತಿತ್ತು. ಬೆಟ್ಟಗಳ ಮೇಲೆ ಹೆಲಿಕಾಪ್ಟರಿನ ನೆರಳು ಹರಿದಾಡುತ್ತಿತ್ತು, ಅದರ ಕೆಳಗೆ ಬೂದುಬಣ್ಣದ ಕಲ್ಲುರಾಶಿ, ಕಲ್ಲುರಾಶಿ, ಮತ್ತೆ ಕಲ್ಲುರಾಶಿ. ಚೈತನ್ಯಾ ಒಬ್ಬಳೇ ನಿಂತು ಅದನ್ನು ನೋಡಿದಳು. ಉಳಿದವರು, ಆಹಾ ಎಂಥಾ ವ್ಯೂ, ಎಂದು ಆಂಬೊಡೆ ಕಡಿದರು.

"ಏನಮ್ಮಾ, ಗ್ರೀನ್ ಕಾರ್ಡ್ ಬಂತಾ?" ಎಂದು ಕೇಳಿದರು ಶೈಲಜಾ ಆಂಟಿ, ಕುಂಕುಮ ಕೊಡುತ್ತ. ವರ್ಷ ವರ್ಷವೂ ಕೇಳುತ್ತಾರೆ, ಬಸುರಿನ ವಿಷಯ ಕೇಳುವ ದನಿಯಲ್ಲಿ.

"ಇನ್ನೂ ಇಲ್ಲ ಆಂಟಿ."

"ಗಂಗಮ್ಮನ ಹತ್ರ ಕೇಳ್ಕೋ. ಇವತ್ತು ಕೇಳಿದ್ದು ಆಗುತ್ತೆ."

ಮಂಗಳಾರತಿ ಆದ ಮೇಲೆ ಕೇಶವಮೂರ್ತಿ ಅಂಕಲ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು, ಊಟಕ್ಕೆ ಮುಂಚೆ ಒಂದು ಸಂತೋಷದ ಸಮಾಚಾರ ಎಂದರು. ಫೋನನ್ನು ದೂರಕ್ಕೆ ಹಿಡಿದು ಓದತೊಡಗಿದರು. 'ಗಂಗಾಮಾತೆಯ ಪವಾಡ! ಅಮೆರಿಕದ ವಿಜ್ಞಾನಿಗಳೇ ಬೆರಗು! ಹಿಮಾಲಯ ಕರಗುತ್ತಿದೆ ಎಂದು ಹುಯಿಲೆಬ್ಬಿಸುವವರಿಗೆ ತಕ್ಕ ಉತ್ತರ! ಗಂಗೆಯ ಹಿಮ ನಾಲ್ಕು ವರ್ಷದಿಂದ ನಿಂತಲ್ಲೇ ನಿಂತಿದೆ!' ಆಮೇಲೆ ಬಂದದ್ದು ಆಫೀಸಿನ ವರದಿಯ ಚಿತ್ರ, ನೂರ ಹದಿನೇಳರ ಚಿತ್ರ, ಅದರ ಮೇಲೆ ಅವಳ ನಾಲ್ಕು ಗೆರೆಗಳು ಒತ್ತೊತ್ತಾಗಿ. ಅಂಕಲ್ ಫೋನನ್ನು ಟಿ.ವಿ.ಗೆ ಜೋಡಿಸಿ ಅದನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. ಇಡೀ ಹಿಮಾಲಯದಲ್ಲಿ ಇದೊಂದೇ ಸಿಕ್ಕಿತೇ ಇವರಿಗೆ? ಒಂದರ ಮೇಲೊಂದರಂತೆ ಹಿಂದೆ ಸರಿದ ನೂರಾರು ಗೆರೆಗಳನ್ನು, ಅವಳೂ ಶಾಹಬಾಜನೂ ಕಣ್ಣು ಬತ್ತಿಸಿಕೊಂಡು ಎಳೆದ ಸರಿಯಾದ ಗೆರೆಗಳನ್ನು, ಯಾರಾದರೂ ಒಬ್ಬರು ಯಾರಿಗಾದರೂ ಒಮ್ಮೆಯಾದರೂ ಫಾರ್ವರ್ಡ್ ಮಾಡಿದ್ದುಂಟೇ? ನಿಜವನ್ನು ಮುಟ್ಟಿ ನೋಡದವರು ಸುಳ್ಳನ್ನು ಹೀಗೆ ತಲೆಯ ಮೇಲೆ ಹೊತ್ತು ತಿರುಗುತ್ತಾರಲ್ಲ. ಅವಳ ಕಿವಿ ಬಿಸಿಯಾಯಿತು.

"ಇದನ್ನ ಅಳೆದಿದ್ದು ಯಾರು ಗೊತ್ತಾ? ನಮ್ಮ ಚೈತನ್ಯಾ! ನಮ್ಮ ಕನ್ನಡದ ಹುಡುಗಿ!" ಎಂದರು ಅಂಕಲ್. "ಬಾಮ್ಮಾ ಮುಂದೆ, ಎರಡು ಮಾತಾಡು."

ಚಪ್ಪಾಳೆ ತಟ್ಟಿದರು. ನಿಧಿಯೂ ಇಯರ್‌ಫೋನ್ ತೆಗೆದು, ತನ್ನ ಅಮ್ಮನಿಗೆ ಎಲ್ಲರೂ ಚಪ್ಪಾಳೆ ತಟ್ಟುವುದನ್ನು ಮೊದಲ ಬಾರಿಗೆ ನೋಡಿ, ತಾನೂ ತಟ್ಟಿದಳು. ಚೈತನ್ಯಾ ಮಣೆಯ ಪಕ್ಕ ನಿಂತಳು. ಗುಂಯ್ ಎನ್ನುವ ಸದ್ದು ಗೋಡೆಯೊಳಗಿಂದ ಬಂದು ಕಾಲಿಗೆ ತಾಗುತ್ತಿತ್ತು.

"ಆ ಗೆರೆ ತಪ್ಪು, ಅಂಕಲ್," ಎಂದಳು. "ಅಲ್ಲಿ ಐಸ್ ಇಲ್ಲ. ನಾನೇ ತಪ್ಪಾಗಿ ಎಳೆದಿದ್ದು."

ಕೇಶವಮೂರ್ತಿ ಅಂಕಲ್ ಜೋರಾಗಿ ನಕ್ಕರು. "ನೋಡಿದ್ರಾ? ನೋಡಿದ್ರಾ? ಎಷ್ಟು ಸಿಂಪಲ್ಲು ನೋಡಿ! ನಿಜವಾಗ್ಲೂ ಓದಿಕೊಂಡಿರೋರು ಹೀಗೇ ಮಾತಾಡೋದು. ನಾನು ಮಾಡ್ದೆ ನಾನು ಮಾಡ್ದೆ ಅನ್ನಲ್ಲ."

"ಇಲ್ಲ ಅಂಕಲ್, ನಿಜವಾಗಿ—"

"ಗೊತ್ತಮ್ಮಾ, ಗೊತ್ತು. ಸೈಂಟಿಸ್ಟ್‌ಗಳಿಗೆ ಯಾವಾಗ್ಲೂ ಡೌಟು. ಎಲ್ರೂ ಊಟಕ್ಕೆ ಏಳಿ, ಹುಳಿ ಆರುತ್ತೆ." ಅಂಕಲ್ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಗಿಂಡಿಯನ್ನು ಆರಿಸಿ ಅವಳ ಕೈಯಲ್ಲಿಟ್ಟು ಕೈಮುಗಿದರು. ಅರವತ್ತೆಂಟು ವರ್ಷದ ಮನುಷ್ಯ, ಅವಳಿಗೆ ಕೈಮುಗಿದರು. ಎಷ್ಟೋ ದಿನದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದ ಸತ್ಯವನ್ನು ಕಡೆಗೂ ಉಗುಳಿದರೆ ಅದನ್ನೂ ವಿನಯವೆಂದು ಎತ್ತಿ ಹಣೆಗೆ ಹಚ್ಚಿಕೊಂಡರಲ್ಲ ಇವರು! ಬೈದಿದ್ದರೆ ಚೆನ್ನಾಗಿತ್ತು. ಯಾಕೆ ಹಾಗೆ ಮಾಡಿದೆ ಎಂದು ಒಬ್ಬರಾದರೂ ಕೇಳಿದ್ದರೆ ಸಾಕಿತ್ತು. ಅಲ್ಯೂಮಿನಿಯಂ ಟ್ರೇಗಳ ಮುಚ್ಚಳ ತೆಗೆಯುವ ಸದ್ದಾಯಿತು. ಜನ ಪ್ಲಾಸ್ಟಿಕ್ ತಟ್ಟೆ ಹಿಡಿದು ಅವಳ ಎರಡೂ ಕಡೆಯಿಂದ ಹಾದುಹೋದರು, ಹೋಗುತ್ತ ಒಬ್ಬೊಬ್ಬರು ಕಂಗ್ರಾಟ್ಸ್ ಎಂದರು.

ಅವಳು ಹಿಂಬಾಗಿಲಿನಿಂದ ಮರದ ಜಗಲಿಯಂಥ ಡೆಕ್ಕಿಗೆ ಬಂದಳು. ಸಿಟ್ಟು ಬಂದಿತ್ತು, ಅಂಕಲ್ ಮೇಲೆ, ಸೌರಭನ ಮೇಲೆ, ಆ ಫಾರ್ವರ್ಡ್ ಬರೆದ ಹೆಸರಿಲ್ಲದ ಮಹಾನುಭಾವನ ಮೇಲೆ, ಗುಂಯ್‌ಗುಡುವ ಗೋಡೆಯ ಮೇಲೆ. ಎಲ್ಲರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಕ್ಕು ತನಗಿದೆ ಎಂಬಂತೆ ಶಾಹಬಾಜನಿಗೆ ಫೋನ್ ಮಾಡಿದಳು. ಆ ಕಡೆ ಡಬ್ಬಗಳಿಗೆ ಟೇಪ್ ಅಂಟಿಸುವ ಸದ್ದು ಬರುತ್ತಿತ್ತು.

"ಫಾರ್ಮ್ ಕಳಿಸಿದೆ ಶಾಹಬಾಜ್."

"ಗೊತ್ತಾಯ್ತು ಮೇಡಂ. ಥ್ಯಾಂಕ್ಸ್. ರಾಲಿಯ ಪ್ರೊಫೆಸರ್ ಫೋನ್ ಮಾಡಿದ್ರು. ಅಭಿಪ್ರಾಯಭೇದ ಅಂದ್ರೆ ಏನು, ಅವರ ಪ್ರಕಾರ ನೀನು ತಪ್ಪಾ ಅಂತ ಕೇಳಿದ್ರು. ನಾನೇನು ಹೇಳ್ಲಿ? ಹೌದು, ಅವರು ಸೀನಿಯರ್, ಅಂದೆ. ಸರಿ, ಯೋಚನೆ ಮಾಡಿ ಹೇಳ್ತೀನಿ ಅಂದ್ರು."

"ನಿಮ್ಮ ಗೆರೆ ಸರಿ ಇತ್ತು."

"ಅಂದ್ರೆ?"

"ನಾಲ್ಕು ವರ್ಷವೂ. ನೆರಳಲ್ಲ ಅದು. ಬಾಯಿ ಅಲ್ಲೇ ಇತ್ತು. ನನಗೆ ಕಾಣ್ತಿತ್ತು."

ಟೇಪಿನ ಸದ್ದು ನಿಂತಿತು. ಒಳಗೆ ಯಾರೋ ಪಾಯಸ ಇನ್ನೊಂದು ಸೌಟು ಹಾಕಿ ಎನ್ನುತ್ತಿದ್ದರು. "ಕಾಣ್ತಿತ್ತಾ?" ಎಂದ ಶಾಹಬಾಜ್, ಬಹಳ ಮೆಲ್ಲಗೆ. "ನಿಮಗೆ ಕಾಣ್ತಾ ಇಲ್ಲ ಅಂದ್ಕೊಂಡಿದ್ದೆ ನಾನು. ಇಲ್ಲ, ನನಗೇ ಸರಿಯಾಗಿ ಕಾಣ್ತಿಲ್ಲ ಅಂದ್ಕೊಂಡಿದ್ದೆ. ಎರಡು ಸಲ ಕನ್ನಡಕ ಚೇಂಜ್ ಮಾಡ್ದೆ ಮೇಡಂ. ಗೊತ್ತಾ ನಿಮಗೆ? ಡಾಕ್ಟರು ಕಣ್ಣಲ್ಲಿ ಏನೂ ಪ್ರಾಬ್ಲಂ ಇಲ್ಲ ಅಂದ್ರೂ, ಇದೆ, ಇನ್ನೊಂದ್ಸಲ ನೋಡಿ ಅಂತ ಜಗಳ ಆಡ್ದೆ. ಖಾತೂನ್ ನಗ್ತಿದ್ಲು. ಯಾಕೆ ಮೇಡಂ?"

"ನಮ್ಮಪ್ಪ..." ಎಂದಳು ಚೈತನ್ಯಾ. ಕೈಯಲ್ಲಿದ್ದ ಗಿಂಡಿ ಬೆವರಿಗೆ ಜಾರುತ್ತಿತ್ತು. "ಕೋವಿಡ್‌ನಲ್ಲಿ, ಕೊನೇಲಿ ಗಂಗೆ ಹಾಕೋಕೆ ಆಗ್ಲಿಲ್ಲ. ಆ ವರ್ಷ ಆ ಜಾಗದಲ್ಲಿ ನಂಗೆ ಹಿಮ ಇಲ್ಲ ಅಂತ ಬರೆಯೋಕೆ..." ಹೇಳುತ್ತ ಹೇಳುತ್ತ ಅದು ಎಷ್ಟು ಅಗ್ಗವಾಗಿ ಕೇಳಿಸುತ್ತದೆ ಎಂದು ನಾಚಿಕೆಯಾಯಿತು. ನಾಲ್ಕು ವರ್ಷ ಎದೆಯೊಳಗಿಟ್ಟು ಸಾಕಿದ್ದು ಹೊರಗಿನ ಗಾಳಿಗೆ ಬಂದಾಗ ಒಂದು ಕುಂಟು ನೆಪದಂತಿತ್ತು.

"ನಮ್ಮಮ್ಮಂಗೂ ಮೆಕ್ಕಾದ ಜಮ್‌ಜಮ್ ನೀರು ಹಾಕೋಕೆ ಆಗ್ಲಿಲ್ಲ," ಎಂದ ಶಾಹಬಾಜ್. "ಅದೇ ವರ್ಷ, ಅದೇ ಮೈಸೂರು. ಬಾಟಲಿ ಮನೇಲೇ ಇತ್ತು. ನಾನು ಅದಕ್ಕೆ ಗೆರೆ ಜರುಗಿಸ್ಲಿಲ್ಲ ಮೇಡಂ." ಅವನ ದನಿ ಏರಿತು. ನಾಲ್ಕು ವರ್ಷದಲ್ಲಿ ಅವಳು ಅವನ ಏರಿದ ದನಿ ಕೇಳಿರಲಿಲ್ಲ. "ನಿಮಗೆ ದುಃಖ ಆಯ್ತು ಅಂತ ನಾನು ಕುರುಡ ಆಗ್ಬೇಕಿತ್ತಾ? ಇವತ್ತು ಬೆಳಿಗ್ಗೆ ನಮ್ಮನೇಲಿ ಕೂತು ಟೀ ಕುಡಿದ್ರಿ. ಆಗ್ಲೂ ಗೊತ್ತಿತ್ತಲ್ವಾ ನಿಮಗೆ?"

"ಗೊತ್ತಿತ್ತು."

"ಈಗ ಫೋನಲ್ಲಿ ನಂಗೆ ಹೇಳಿದ್ರೆ ಏನು ಬಂತು? ನಾನು ಥ್ಯಾಂಕ್ಸ್ ಹೇಳ್ಬೇಕಾ? ರಾಲಿಯವರಿಗೆ ಬರೀರಿ. ತಪ್ಪಾಯ್ತು, ಸಾರಿ, ಅಂತೆಲ್ಲ ಬರೀಬೇಡಿ. ಎಷ್ಟು ಅಂತ ಬರೀರಿ. ಯಾವ ವರ್ಷ, ಎಷ್ಟು ಮೀಟರ್, ಯಾರ ಗೆರೆ ಸರಿ. ಅಷ್ಟೇ." ಟೇಪಿನ ಸದ್ದು ಮತ್ತೆ ಶುರುವಾಯಿತು, ಜೋರಾಗಿ, ಆಮೇಲೆ ಲೈನು ಕಟ್ಟಾಯಿತು.

ಅವಳು ಡೆಕ್ಕಿನ ಮೆಟ್ಟಿಲ ಮೇಲೆ ಕೂತು ಬರೆದಳು. ಇಪ್ಪತ್ತೊಂದು, ಅರವತ್ತು. ಇಪ್ಪತ್ತೆರಡು, ನೂರ ಹತ್ತು. ಇಪ್ಪತ್ಮೂರು, ನೂರ ಅರವತ್ತು. ಇಪ್ಪತ್ನಾಲ್ಕು, ಇನ್ನೂರ ಹತ್ತು. ಪ್ರತಿ ವರ್ಷವೂ ಅವರ ಗೆರೆ ಸರಿ. ನನ್ನದು ತಪ್ಪು, ತಿಳಿದೇ ಎಳೆದದ್ದು. ಬರೆಯುವಾಗ ಕಣ್ಣೀರು ಬರಬಹುದೆಂದುಕೊಂಡಿದ್ದಳು. ಬರಲಿಲ್ಲ. ವೇಣುಗೋಪಾಲ ಅವಳಿಗೆಂದು ತಟ್ಟೆ ಹಾಕಿಸಿಕೊಂಡು ಬಂದವನು ಪಕ್ಕದಲ್ಲಿ ನಿಂತು ಓದಿದ. ಕೋಸಂಬರಿಯ ನೀರು ತಟ್ಟೆಯ ಅಂಚಿನಿಂದ ಇಳಿದು ಅವನ ಕೈಗೆ ತಾಗಿತು, ಅವನು ಒರೆಸಿಕೊಳ್ಳಲಿಲ್ಲ.

"ಸೌರಭ್‌ಗೂ ಕಾಪಿ ಹಾಕಿದ್ದೀಯಾ?"

"ಹ್ಞೂಂ. ವರದಿಯೂ ಸರಿಯಾಗ್ಬೇಕಲ್ಲ."

"ನಮ್ಮದು ಏನಾಗುತ್ತೆ ಅಂತ ಗೊತ್ತಿದೆಯಲ್ಲ?"

"ಗೊತ್ತು."

ಅವನು ತಟ್ಟೆಯನ್ನು ಕಟಕಟೆಯ ಮೇಲಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. "ಗ್ರೈಂಡರ್ ವಾಪಸ್ ಕೊಟ್ಟುಬಿಡೋಣ ಕಣೇ," ಎಂದ. "ಅವರು ರಾಲಿಗೆ ಹೋದ್ರೆ ಬೇಕಾಗುತ್ತೆ." ಅವಳು ಕಳಿಸು ಎಂಬಲ್ಲಿ ಒತ್ತಿದಳು.

ರಾಲಿಯವರು ಏನು ಮಾಡುತ್ತಾರೋ ಗೊತ್ತಿಲ್ಲ. ಸೋಮವಾರ ಸೌರಭ್ ಏನೆನ್ನುತ್ತಾನೆ ಎಂಬುದು ಚೆನ್ನಾಗಿ ಗೊತ್ತು. ಚೈತನ್ಯಾ ಎದ್ದು, ಮನೆಯ ಪಕ್ಕದಿಂದ ಹಾದು ಬೀದಿಗೆ ಬಂದಳು. ನಿಧಿ ಹಿಂದೆಯೇ ಓಡಿ ಬಂದಳು, ಮುಂಗೈಗೆ ಆಗಲೇ ಕಾಶಿದಾರ ಕಟ್ಟಿದ್ದರು.

"ಅಮ್ಮಾ, ವೇರ್ ಆರ್ ಯು ಗೋಯಿಂಗ್?"

"ಸುಮ್ನೆ. ಹೆಜ್ಜೆ ಎಣಿಸು ನನ್ನ ಜೊತೆ. ಮುನ್ನೂರರ ತನಕ."

ಅಂಕಲ್ಲಿನ ಮನೆಯ ಟಪಾಲುಪೆಟ್ಟಿಗೆಯಿಂದ ಶುರು ಮಾಡಿದರು. ನಿಧಿ ಗಿಂಡಿ ತನಗೆ ಬೇಕೆಂದು ಇಸಿದುಕೊಂಡು, ಕಿವಿಯ ಹತ್ತಿರ ಕುಲುಕಿ, "ದೇರ್ಸ್ ವಾಟರ್," ಎಂದಳು, ಆಮೇಲೆ ಎಣಿಸುತ್ತ ನಡೆದಳು. ಒಂದೇ ತರಹದ ಮನೆಗಳು, ಪ್ರತಿ ಮನೆಯ ಮುಂದೆ ಎರಡೆರಡು ಕಾರು, ಯಾರದೋ ಅಂಗಳದಲ್ಲಿ ಅಕ್ಟೋಬರಿನಲ್ಲೂ ಓಡುತ್ತಿದ್ದ ಎ.ಸಿ.ಯ ಡಬ್ಬ. ನೂರು ಹೆಜ್ಜೆಗೆ ಊಟದ ಗದ್ದಲ ಕೇಳಿಸದಾಯಿತು. ಇನ್ನೂರಕ್ಕೆ ಡೇಟಾ ಸೆಂಟರಿನ ಗೋಡೆ ಆಕಾಶವನ್ನು ಅರ್ಧ ಮುಚ್ಚಿತು. ಪರದೆಯ ಮೇಲೆ ಇದೆಲ್ಲ ಹೆಬ್ಬೆರಳಿನ ಅಗಲವಷ್ಟೆ, ಮೌಸಿನ ಒಂದು ಎಳೆತ. ಇನ್ನೂರ ಹತ್ತು ಮೀಟರೆಂದರೆ ಮುನ್ನೂರು ಹೆಜ್ಜೆ, ಇಷ್ಟು ದೂರ ಎಂದು ಅವಳು ಒಮ್ಮೆಯೂ ನಡೆದು ನೋಡಿರಲಿಲ್ಲ. ಹೊಸ ಚಪ್ಪಲಿ ಕಚ್ಚುತ್ತಿತ್ತು. ಮುನ್ನೂರು ಎಂದು ನಿಧಿ ಕೂಗಿದಾಗ ಇಬ್ಬರೂ ಬೇಲಿಯ ಮುಂದಿದ್ದರು, ಗುಂಯ್ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

"ಇಲ್ಲಿಂದ ಅಲ್ಲೀ ತನಕ ಐಸ್ ಇದೆ ಅಂತ ಬರೆದಿದ್ದೆ ನಾನು," ಎಂದಳು ಚೈತನ್ಯಾ, ತಿರುಗಿ ನಿಂತು ಕೈ ತೋರಿಸಿ. "ಇರ್ಲಿಲ್ಲ."

"ಯು ಮೀನ್, ಯು ಲೈಡ್?"

"ಹ್ಞೂಂ."

ನಿಧಿ ಬಂದ ದಾರಿಯನ್ನು ನೋಡಿದಳು. ಅಂಕಲ್ಲಿನ ಮನೆ ಯಾವುದೆಂದು ಗುರುತು ಸಿಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ದಟ್ಸ್ ಎ ಲಾಟ್, ಅಮ್ಮಾ," ಎಂದಳು.

ಚೈತನ್ಯಾ ಹೌದೆಂದಳು.